ಗೆರೆಗೆ ಸಾಕ್ಷಿ ಕೇಳಿ: ಆರ್ಕ್ನಿಯ ಅರ್ಲ್‌ಗಳ ವಂಶಾವಳಿ ಬರೆಯುವ ಬಗೆ

ನನ್ನ ಮಗ ಅಬರ್ಡೀನ್‌ನಲ್ಲಿದ್ದಾನೆ, ಸಮುದ್ರದಿಂದ ಎಣ್ಣೆ ತೆಗೆಯುವ ಕೆಲಸ. ಸೊಸೆ ಆರ್ಕ್ನಿಯವಳು. ಆರ್ಕ್ನಿ ಅಂದರೆ ಸ್ಕಾಟ್ಲೆಂಡಿನ ಉತ್ತರ ತುದಿ ಮುಗಿದ ಮೇಲೆ ಸಮುದ್ರದಲ್ಲಿ ಚೆಲ್ಲಿದ ಹಾಗಿರುವ ದ್ವೀಪಗಳು. ಅವಳ ತವರಿನ ಅಡ್ಡಹೆಸರು ಸಿಂಕ್ಲೇರ್. ಮದುವೆಗೆ ಮೊದಲು ವಿಡಿಯೋ ಕಾಲ್‌ನಲ್ಲಿ ಬೀಗರು, ‘ನಾವು ಅರ್ಲ್ ಹೆನ್ರಿ ಸಿಂಕ್ಲೇರನ ವಂಶದವರು’ ಅಂದರು. ಅರ್ಲ್ ಅಂದರೆ ಹಿಂದೆ ರಾಜನ ಕೈಕೆಳಗೆ ಆ ದ್ವೀಪಗಳನ್ನು ಆಳುತ್ತಿದ್ದ ಸಾಮಂತ. ನಾನು ‘ದಾಖಲೆ ಇದೆಯಾ?’ ಅಂತ ಕೇಳಿಬಿಟ್ಟೆ. ಮಗ ಕ್ಯಾಮೆರಾ ಆಫ್ ಮಾಡಿದ.

ಏನು ಮಾಡುವುದು, ಅಭ್ಯಾಸ. ಮುಂಬಯಿಯ ಒಂದು ವಿಮಾ ಕಚೇರಿಯಲ್ಲಿ 31 ವರ್ಷ ಡೆತ್ ಕ್ಲೇಮ್ ಟೇಬಲ್ ನೋಡಿದವಳು ನಾನು. ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹಿಡಿದು ಹೋಗುವುದು, ದಿನವಿಡೀ ‘ಇವನು ಅವನ ಮಗ ಅನ್ನುವುದಕ್ಕೆ ಏನು ಸಾಕ್ಷಿ’ ಅಂತ ಕೇಳುವುದು, ಸಂಜೆ ಮನೆಗೆ ಬರುವುದು. ರಿಟೈರ್ ಆದ ಮೇಲೆ ಮೊಮ್ಮಗಳು ಹುಟ್ಟಿದಳು. ಅವಳಿಗೆ ತಾಯಿ ಕಡೆಯ ವಂಶಾವಳಿ ಬರೆದುಕೊಡೋಣ ಅಂತ ಕೂತೆ. ಎರಡು ವರ್ಷ ಹಿಡಿಯಿತು. ಸ್ಕಾಟ್ಲೆಂಡು, ನಾರ್ವೆ ಕಡೆಯ ಹಳೇ ಮನೆತನಗಳ ಬಗ್ಗೆ ಕುತೂಹಲ ಇದ್ದವರಿಗೆ ನನ್ನ ದಾರಿ, ನಾನು ಬಿದ್ದ ಗುಂಡಿಗಳು ಉಪಯೋಗಕ್ಕೆ ಬರಬಹುದು.

ಮೊದಲನೇ ಪಾಠ ಕಲಿಸಿದವನು ನಮ್ಮ ಕಡೆಯ ಹೆಳವ. ನನ್ನ ತವರು ಘಟಪ್ರಭಾ ಹತ್ತಿರದ ಹಳ್ಳಿ. ಸುಗ್ಗಿ ಮುಗಿದ ಮೇಲೆ ಹೆಳವ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ ಬರುತ್ತಿದ್ದ. ಕಟ್ಟೆ ಮೇಲೆ ಕೂತು ಮನೆತನದ ಹೆಸರು ಓದುತ್ತಿದ್ದ: ಇಂಥವನ ಮಗ ಇಂಥವ, ಇಂಥ ಊರಿನಿಂದ ಹೆಣ್ಣು ತಂದ, ಇಂಥ ವರ್ಷ ಬರ ಬಿದ್ದು ಇಲ್ಲಿಗೆ ಬಂದ. ಒಂದು ವರ್ಷ ನಮ್ಮ ದೊಡ್ಡಪ್ಪ, ‘ನಮ್ಮ ಮೂಲಪುರುಷ ದೇಸಗತಿ ಮನೆಯವನು ಅಂತ ಬರಿ’ ಅಂದ. ಹೆಳವ ಜೋಳದ ಚೀಲದ ಕಡೆ ನೋಡಿದ, ದೊಡ್ಡಪ್ಪನ ಕಡೆ ನೋಡಿದ, ‘ಹಂಗ ಬರಿಯಾಕ ಬರೂದಿಲ್ರಿ ಗೌಡ್ರ’ ಅಂದ. ದಾನ ಕಡಿಮೆಯಾಯಿತು, ಪುಸ್ತಕ ಬದಲಾಗಲಿಲ್ಲ.

ಆದ್ದರಿಂದ ಶುರುವಿಗೆ ಇದೊಂದನ್ನು ರೂಢಿ ಮಾಡಿಕೊಳ್ಳಿ. ವಂಶಾವಳಿಯಲ್ಲಿ ಹೆಸರು ಬರೆಯುವುದು ಸುಲಭ. ಹೆನ್ರಿ ಸಿಂಕ್ಲೇರ್ ಇದ್ದ ಅನ್ನುವುದರಲ್ಲಿ ಯಾರಿಗೂ ಅನುಮಾನ ಇಲ್ಲ. ಕಷ್ಟ ಇರುವುದು ಎರಡು ಹೆಸರಿನ ನಡುವಿನ ಗೆರೆಯಲ್ಲಿ. ಸಾಕ್ಷಿ ಬೇಕಾಗಿರುವುದು ಆ ಗೆರೆಗೆ. ನಾನು ಪ್ರತಿ ಗೆರೆಯ ಪಕ್ಕ ಪೆನ್ಸಿಲ್‌ನಲ್ಲಿ ಯಾವ ದಾಖಲೆ, ಯಾವ ವರ್ಷದ್ದು, ಯಾರು ಬರೆಸಿದ್ದು ಅಂತ ಸಣ್ಣದಾಗಿ ಬರೆಯುತ್ತೇನೆ. ಬರೆಯಲು ಏನೂ ಇಲ್ಲದಿದ್ದರೆ ಗೆರೆ ಚುಕ್ಕಿ ಚುಕ್ಕಿ. ಹೋದ ವರ್ಷದ ಕಾಲನಿರ್ಣಯ ಕ್ಯಾಲೆಂಡರಿನ ಹಾಳೆಗಳ ಖಾಲಿ ಜಾಗ, ಹಳೇ ಕಚೇರಿ ಕಾಗದಗಳ ಹಿಂಬದಿ, ಇವೇ ನನ್ನ ಕಚ್ಚಾ ಪುಸ್ತಕ.

ಬರೆಯುವುದನ್ನು ಈಗಿನಿಂದ ಹಿಂದಕ್ಕೆ ಹೋಗಿ ಬರೆಯಿರಿ. ಎಲ್ಲರಿಗೂ ಮೇಲಿನಿಂದ, ರಾಜನಿಂದ ಶುರುಮಾಡುವ ಆಸೆ. ಮೇಲಿನಿಂದ ಇಳಿದರೆ ನಿಮ್ಮ ಮನೆ ಸಿಕ್ಕೇ ಸಿಗುತ್ತದೆ, ಯಾಕೆಂದರೆ ಸಿಗಲಿ ಅಂತಲೇ ಇಳಿಯುತ್ತಿರುತ್ತೀರಿ. ಸ್ಕಾಟ್ಲೆಂಡಿನಲ್ಲಿ ಹಿಂದಕ್ಕೆ ಹೋಗುವ ಮೊದಲ ಹಂತ ಆರಾಮ. 1855ರಿಂದ ಸರ್ಕಾರವೇ ಹುಟ್ಟು, ಮದುವೆ, ಸಾವು ಬರೆದಿಟ್ಟಿದೆ. ಸಾವಿನ ದಾಖಲೆಯಲ್ಲಿ ಅಪ್ಪ ಅಮ್ಮನ ಹೆಸರು, ಅಮ್ಮನ ತವರಿನ ಹೆಸರೂ ಇರುತ್ತದೆ. ಅಲ್ಲಿ ಹೆಂಗಸರು ಮದುವೆಯಾದ ಮೇಲೂ ದಾಖಲೆಗಳಲ್ಲಿ ತವರಿನ ಹೆಸರು ಬಿಡುತ್ತಿರಲಿಲ್ಲ. ಇದು ದೊಡ್ಡ ಪುಣ್ಯ. ಸ್ಕಾಟ್ಲೆಂಡ್ಸ್‌ಪೀಪಲ್ ಅನ್ನುವ ಅಲ್ಲಿನ ಸರ್ಕಾರಿ ಜಾಲತಾಣದಲ್ಲಿ ಹುಡುಕುವುದು ಪುಕ್ಕಟೆ, ದಾಖಲೆಯ ಚಿತ್ರ ತೆಗೆಸಬೇಕಾದರೆ ದುಡ್ಡು. ಒಂದೇ ರಾತ್ರಿ ಆರು ಜೇಮ್ಸ್ ಸಿಂಕ್ಲೇರ್‌ಗಳನ್ನು ತೆಗೆಸಿದೆ, ಆರೂ ಬೇರೆಯವರ ಮನೆಯವರು. ಊರಿನ ಹೆಸರು, ಹೆಂಡತಿಯ ಹೆಸರು ಎರಡೂ ಕೈಯಲ್ಲಿಲ್ಲದೆ ದುಡ್ಡು ಕಟ್ಟಬೇಡಿ.

1855ಕ್ಕಿಂತ ಹಿಂದೆ ಚರ್ಚಿನ ಪುಸ್ತಕಗಳು. ಆರ್ಕ್ನಿಯಲ್ಲಿ ಅವು ಶುರುವಾಗುವುದೇ 17ನೇ ಶತಮಾನದಲ್ಲಿ, ಕೆಲವು ಊರುಗಳಲ್ಲಿ ಇನ್ನೂ ತಡ. ಈ ಕಡೆಯಿಂದ ನಿಮ್ಮ ಏಣಿ ಅಲ್ಲಿಗೆ ನಿಲ್ಲುತ್ತದೆ. ಆ ಕಡೆಯಿಂದ ಅರ್ಲ್‌ಗಳ ಕಥೆ 1470ಕ್ಕೆ ಮುಗಿಯುತ್ತದೆ. ನಡುವೆ ಸುಮಾರು ಇನ್ನೂರು ವರ್ಷದ ಹಳ್ಳ. ಆ ಹಳ್ಳದಲ್ಲಿ ಜಮೀನಿನ ಕಾಗದಗಳಿವೆ: 1492ರ ಆರ್ಕ್ನಿ ಗೇಣಿ ಪಟ್ಟಿ, 1617ರಿಂದ ಶುರುವಾಗುವ ಭೂಮಿ ನೋಂದಣಿ ಪುಸ್ತಕಗಳು, ಮರಣಪತ್ರಗಳು. ಜಮೀನಿದ್ದವರು ಅದರಲ್ಲಿ ಸಿಗುತ್ತಾರೆ. ಇಲ್ಲದವರು ಸಿಗುವುದು ಕಷ್ಟ. ಅಂತರ್ಜಾಲದಲ್ಲಿ ಜನ ಹಂಚಿಕೊಳ್ಳುವ ವಂಶವೃಕ್ಷಗಳಲ್ಲಿ ಜಾಸ್ತಿ ಮಂದಿ ಈ ಹಳ್ಳವನ್ನು ಒಂದೇ ನೆಗೆತಕ್ಕೆ ದಾಟಿರುತ್ತಾರೆ. ಒಂದರಲ್ಲಿ ಅಪ್ಪ ಸತ್ತು ಒಂಬತ್ತು ವರ್ಷಕ್ಕೆ ಮಗ ಹುಟ್ಟಿದ್ದ. ಅಂಥ ಕ್ಲೇಮ್ ನನ್ನ ಟೇಬಲ್‌ಗೆ ಬಂದಿದ್ದರೆ!

ಅಡ್ಡಹೆಸರೊಂದೇ ಆಧಾರ ಅಲ್ಲ. ಸಿಂಕ್ಲೇರ್ ಅನ್ನುವುದು ಫ್ರಾನ್ಸಿನ ನಾರ್ಮಂಡಿಯ ಸೇಂಟ್ ಕ್ಲೇರ್ ಅನ್ನುವ ಊರಿನಿಂದ ಬಂದ ಹೆಸರು. ಒಡೆಯನ ಅಡ್ಡಹೆಸರನ್ನು ಅವನ ಒಕ್ಕಲಿನವರೂ ಇಟ್ಟುಕೊಳ್ಳುವುದು ಸ್ಕಾಟ್ಲೆಂಡಿನಲ್ಲಿ ಇತ್ತು. ನಮ್ಮ ಕಡೆ ಪಾಟೀಲರೆಲ್ಲ ಒಂದೇ ಮನೆಯವರಾ? ಪಕ್ಕದ ಶೆಟ್ಲೆಂಡ್ ದ್ವೀಪಗಳಲ್ಲಂತೂ 19ನೇ ಶತಮಾನದವರೆಗೂ ಎಷ್ಟೋ ಮನೆಗಳಲ್ಲಿ ಅಡ್ಡಹೆಸರು ತಲೆಮಾರಿಗೊಂದು. ಅಪ್ಪ ಮ್ಯಾಗ್ನಸ್ ಆದರೆ ಮಗ ಮ್ಯಾಗ್ನಸ್ಸನ್, ಮಗಳು ಮ್ಯಾಗ್ನಸ್‌ಡಾಟರ್.

ಈಗ ಹಳ್ಳದ ಆಚೆ ದಡ. ನನಗೆ ರುಚಿ ಹತ್ತಿದ್ದು ಅಲ್ಲೇ. ಆರ್ಕ್ನಿ ಆಗ ನಾರ್ವೆ ರಾಜನಿಗೆ ಸೇರಿದ್ದು, ಆಳುವವನಿಗೆ ಯಾರ್ಲ್ ಅಂತ ಹೆಸರು. ಇಂಗ್ಲಿಷಿನ ಅರ್ಲ್ ಅದರದೇ ದಾಯಾದಿ. 1468ರಲ್ಲಿ ಡೆನ್ಮಾರ್ಕ್ ಮತ್ತು ನಾರ್ವೆಯ ದೊರೆ ಮೊದಲನೇ ಕ್ರಿಶ್ಚಿಯನ್ ಮಗಳು ಮಾರ್ಗರೆಟ್‌ಳನ್ನು ಸ್ಕಾಟ್ಲೆಂಡಿನ ಮೂರನೇ ಜೇಮ್ಸ್‌ಗೆ ಕೊಡಲು ಒಪ್ಪಿದ. ವರದಕ್ಷಿಣೆಗೆ ಕೈಯಲ್ಲಿ ಕಾಸಿಲ್ಲ. 50,000 ಫ್ಲೋರಿನ್‌ಗೆ ಆರ್ಕ್ನಿಯನ್ನು ಒತ್ತೆ ಇಟ್ಟ, ಮರುವರ್ಷ 8,000ಕ್ಕೆ ಶೆಟ್ಲೆಂಡನ್ನೂ ಇಟ್ಟ. ಬಿಡಿಸಿಕೊಳ್ಳಲೇ ಇಲ್ಲ. ಮುಂಬಯಿಯವರಿಗೆ ಇದು ಹೊಸದೇನಲ್ಲ ಬಿಡಿ. ನಮ್ಮ ಊರೂ 1661ರಲ್ಲಿ ಪೋರ್ಚುಗಲ್ ರಾಜಕುಮಾರಿಯ ವರದಕ್ಷಿಣೆಯಾಗಿ ಇಂಗ್ಲೆಂಡಿಗೆ ಹೋದದ್ದೇ ಅಲ್ವಾ.

ಹೆಸರುಗಳ ಗೋಜಲಿಗೆ ತಯಾರಾಗಿ. ಒಂದೇ ಹೆಸರು ಮೂರು ಭಾಷೆಯಲ್ಲಿ ಮೂರು ವೇಷ ಹಾಕುತ್ತದೆ. ನಾರ್ವೆ ಕಡೆಯ ಹಳೇ ನಾರ್ಸ್ ಭಾಷೆಯ ರೊಗ್ನ್‌ವಾಲ್ಡ್, ಸ್ಕಾಟ್ಲೆಂಡಿನ ಹಳೇ ಭಾಷೆ ಗೇಲಿಕ್‌ನಲ್ಲಿ ರಾನಲ್, ಲ್ಯಾಟಿನ್ ಕಾಗದದಲ್ಲಿ ರೆಜಿನಾಲ್ಡಸ್, ಈಗಿನ ರೊನಾಲ್ಡ್, ಎಲ್ಲ ಒಂದೇ. ಮ್ಯಾಲ್ಕಮ್ ಅಂದರೆ ಗೇಲಿಕ್‌ನಲ್ಲಿ ಸಂತ ಕೊಲಂಬನ ಭಕ್ತ, ನಮ್ಮ ಹರಿದಾಸ, ಶಿವದಾಸ ಇದ್ದ ಹಾಗೆ. ಫೋರ್ಟಿನಲ್ಲಿ ಏಷ್ಯಾಟಿಕ್ ಸೊಸೈಟಿಯ ಮೆಟ್ಟಿಲು ಹತ್ತಿ ಒಳಗೆ ಹೋದರೆ ಮುಂಬಯಿ ಗವರ್ನರ್ ಆಗಿದ್ದ ಜಾನ್ ಮ್ಯಾಲ್ಕಮ್‌ನ ಅಮೃತಶಿಲೆಯ ಮೂರ್ತಿ ಇದೆ. ಎಷ್ಟೋ ವರ್ಷ ಅದರ ಮುಂದೆ ಓಡಾಡಿದ್ದೆ. ಅರ್ಥ ತಿಳಿದ ದಿನ ‘ಓಹೋ ಕೊಲಂಬದಾಸರೇ’ ಅಂತ ಕೈಮುಗಿದೆ. ವಾಚ್‌ಮನ್ ವಿಚಿತ್ರವಾಗಿ ನೋಡಿದ.

ಇನ್ನು, ಒಬ್ಬನಿಗೇ ಎರಡು ಹೆಸರು ಇರುವುದೂ ಉಂಟು. ನಾರ್ವೆಯ ಆಗ್ದರ್ ಕಡೆಯ ಕೋಲ್ ಅನ್ನುವವನ ಮಗ ಕಾಲಿ. ಆರ್ಕ್ನಿಯ ಪಾಲು ಕೇಳುವಾಗ, ಹಿಂದೆ ಅಲ್ಲಿ ಆಳಿದ್ದ ಒಬ್ಬ ಒಳ್ಳೆಯ ಅರ್ಲ್‌ನ ಹೆಸರಿಟ್ಟುಕೊಂಡು ರೊಗ್ನ್‌ವಾಲ್ಡ್ ಆದ. 1137ರಲ್ಲಿ ಕರ್ಕ್‌ವಾಲ್ ಊರಿನ ಸೇಂಟ್ ಮ್ಯಾಗ್ನಸ್ ಕೆಥೆಡ್ರಲ್ ಶುರುಮಾಡಿಸಿದವನು ಇವನೇ. ಕಾಲಿ ಮತ್ತು ರೊಗ್ನ್‌ವಾಲ್ಡ್‌ನನ್ನು ಅಣ್ಣತಮ್ಮ ಮಾಡಿ ಮೂರು ವಾರ ಹಾಳುಮಾಡಿಕೊಂಡೆ. ಅದಕ್ಕೇ ಹೆಸರಿಗೆ ಬಿರುದು ಅಂಟಿದ್ದರೆ ಬಿಡಬೇಡಿ. ಬಲಶಾಲಿ ಥಾರ್ಫಿನ್, ಬುರುಡೆ ಒಡೆಯುವ ಥಾರ್ಫಿನ್, ಇವರು ಬೇರೆ ಬೇರೆ ತಲೆಮಾರಿನವರು. ತಾತನ ಹೆಸರು ಮೊಮ್ಮಗನಿಗೆ ಇಡುವ ರೂಢಿ ಅಲ್ಲೂ ಇತ್ತು. ಹಾಗಾಗಿ ಒಂದೇ ಮನೆಯಲ್ಲಿ ಹೆಸರು ತಿರುಗಿ ತಿರುಗಿ ಬರುವುದು ಒಳ್ಳೆಯ ಸುಳಿವು. ಆದರೆ ಸುಳಿವೇ ಹೊರತು ಸಾಕ್ಷಿ ಅಲ್ಲ.

ಹೆಣ್ಣುಮಕ್ಕಳನ್ನು ಬಿಟ್ಟು ಗಂಡುಸಂತಾನ ಮಾತ್ರ ಬರೆಯುವವರು ಆರ್ಕ್ನಿಯ ಕಥೆಯಲ್ಲಿ ಕಾಲು ಭಾಗ ದಾರಿಗೇ ದಿಕ್ಕು ತಪ್ಪುತ್ತಾರೆ. ಈ ರೊಗ್ನ್‌ವಾಲ್ಡ್ ಪಾಲು ಕೇಳಿದ್ದು ಅಮ್ಮ ಗುನ್‌ಹಿಲ್ಡ್ ಮೂಲಕ. ಅವಳು ಆರ್ಕ್ನಿಯ ಅರ್ಲ್ ಆಗಿದ್ದ ಸಂತ ಮ್ಯಾಗ್ನಸ್‌ನ ತಂಗಿ. ಅಂದರೆ ಸೋದರಮಾವನ ಆಸ್ತಿ. ಅವನ ಜೊತೆ ಆಳಿದ ಹರಾಲ್ಡ್‌ನ ಅಪ್ಪ ಮ್ಯಾಡಾಡ್ ಸ್ಕಾಟ್ಲೆಂಡಿನ ಅಥಾಲ್‌ನ ಅರ್ಲ್, ಹಕ್ಕು ಬಂದದ್ದು ಅಮ್ಮ ಮಾರ್ಗರೆಟ್‌ಳಿಂದ. ಐದು ವರ್ಷದ ಹುಡುಗನಿಗೇ ಪಟ್ಟ ಕಟ್ಟಿದರು. ಹರಾಲ್ಡ್‌ನ ಮಗ ಜಾನ್‌ನನ್ನು 1231ರಲ್ಲಿ ಥರ್ಸೊದಲ್ಲಿ ಕೊಂದರು. ಆಮೇಲೆ ಅರ್ಲ್ ಪದವಿ ಸ್ಕಾಟ್ಲೆಂಡಿನ ಆಂಗಸ್ ಮನೆಗೆ, ಅಲ್ಲಿಂದ ಸ್ಟ್ರಾಥರ್ನ್ ಮನೆಗೆ, ಸ್ಟ್ರಾಥರ್ನ್‌ನ ಮಗಳು ಇಸಬೆಲ್ಲಾಳ ಮೂಲಕ ಅವಳ ಮಗ ಹೆನ್ರಿ ಸಿಂಕ್ಲೇರ್‌ಗೆ ಹೋಯಿತು. 1379ರಲ್ಲಿ ನಾರ್ವೆಯ ಆರನೇ ಹಾಕೊನ್ ಅವನನ್ನು ಅರ್ಲ್ ಮಾಡಿದ. ಅದೇ ಪದವಿಗೆ ಇಸಬೆಲ್ಲಾಳ ಅಕ್ಕತಂಗಿಯರ ಮಕ್ಕಳೂ ಜಗಳಕ್ಕಿದ್ದರು. ಒಂದು ಆಸ್ತಿ, ಮೂರು ಮೊಮ್ಮಕ್ಕಳು: ನನ್ನ ಹಳೇ ಟೇಬಲ್ ನೆನಪಾಯಿತು.

ಈಗ ಆ ಆಂಗಸ್ ಕೊಂಡಿ. ಜಾನ್‌ಗೂ ಆಂಗಸ್ ಮನೆಗೂ ಏನು ಸಂಬಂಧ ಅನ್ನುವುದಕ್ಕೆ ಆ ಕಾಲದ ನೇರ ದಾಖಲೆ ಇಲ್ಲ. ಯಾರೋ ಮಗಳೋ ತಂಗಿಯೋ ಇರಬೇಕು ಅನ್ನುವುದು ಊಹೆ. 15ನೇ ಶತಮಾನದಲ್ಲಿ ಆರ್ಕ್ನಿಯ ಬಿಷಪ್ ಹೆಸರಿನಲ್ಲಿ ತಯಾರಾದ ಒಂದು ಅರ್ಲ್‌ಗಳ ವಂಶಾವಳಿ ಇದೆ. ಸಿಂಕ್ಲೇರ್ ಮನೆಯ ಹಕ್ಕಿಗೆ ಬಲ ಕೊಡಲು ಮಾಡಿದ್ದು. ಅಂದರೆ ಕ್ಲೇಮ್ ಮಾಡುವವರ ಕಡೆಯವರೇ ಬರೆದ ಅರ್ಜಿ. ಹಾಗಂತ ಎಸೆಯಬಾರದು. ಅರ್ಜಿಯಲ್ಲೂ ನಿಜ ಇರುತ್ತದೆ. ಆದರೆ ಗೆರೆಯ ಪಕ್ಕ ‘ಬರೆಸಿದ್ದು ಸಿಂಕ್ಲೇರ್ ಮನೆ’ ಅಂತ ಬರೆದೇ ಮುಂದೆ ಹೋಗಬೇಕು.

ಇನ್ನೂ ಹಿಂದೆ ಹೋದರೆ ಆರ್ಕ್ನೇಯಿಂಗ ಸಾಗಾ ಒಂದೇ ದಾರಿದೀಪ. ಸಾಗಾ ಅಂದರೆ ಹಳೇ ಕಾಲದ ಗದ್ಯಕಥೆ. ಇದು ಆರ್ಕ್ನಿಯ ಅರ್ಲ್‌ಗಳದ್ದು, ಐಸ್ಲೆಂಡಿನಲ್ಲಿ ಸುಮಾರು 1200ರ ಹೊತ್ತಿಗೆ ಬರೆದದ್ದು. ಅದರ ಮೊದಲ ಅರ್ಲ್‌ಗಳ ಕಾಲಕ್ಕೂ ಬರೆದವನ ಕಾಲಕ್ಕೂ ಮುನ್ನೂರು ವರ್ಷದ ಅಂತರ. ಮೊದಲ ಅರ್ಲ್ ಸಿಗುರ್ಡ್ ಶತ್ರುವಿನ ತಲೆ ಕಡಿದು ಜೀನಿಗೆ ಕಟ್ಟಿಕೊಂಡು ಬರುವಾಗ, ಸತ್ತವನ ಹಲ್ಲು ಕಾಲಿಗೆ ಚುಚ್ಚಿ, ಗಾಯ ಕೀವಾಗಿ ತಾನೂ ಸತ್ತನಂತೆ. ಸಾವಿನ ಕಾರಣದ ಕಾಲಂನಲ್ಲಿ ಏನು ಬರೆಯುವುದು ಅಂತ ಯೋಚಿಸುತ್ತಾ ಒಂದು ಸಂಜೆ ಕಳೆದೆ. ಈ ಸಾಗಾ ಶುರುವಾಗುವುದು ಫೋರ್ನ್ಯೋಟ್ ಅನ್ನುವ ಮೂಲಪುರುಷನಿಂದ. ಅವನ ಮೂವರು ಮಕ್ಕಳು ಸಮುದ್ರ, ಬೆಂಕಿ, ಗಾಳಿ. ಗೋವೆಯ ಕದಂಬರ ಶಾಸನ ಓದಿದವರಿಗೆ ಇದು ಪರಿಚಯದ ರಾಗ. ಅವರ ಮೂಲಪುರುಷ ಶಿವನ ಹಣೆಯ ಬೆವರ ಹನಿ ಕದಂಬ ಮರದ ಕೆಳಗೆ ಬಿದ್ದು ಹುಟ್ಟಿದವನು. ದಾಖಲೆ ಸಿಗುವ ದೊರೆಗಳಿಂದ ಈಚೆಗೆ ಗೆರೆ, ಅದರಿಂದ ಆಚೆಗೆ ಪುರಾಣ. ಆರ್ಕ್ನಿಗೂ ಹಾಗೇ ಕತ್ತರಿ ಹಾಕಿ. ಪುರಾಣವನ್ನು ಬೇರೆ ಹಾಳೆಯಲ್ಲಿ ಬರೆದಿಡಿ, ಮಕ್ಕಳಿಗೆ ಕಥೆ ಹೇಳಲು ಬೇಕು.

ಒಂದೇ ಒಂದು ಗೆರೆಯನ್ನು ಹೇಗೆ ಒರೆಗೆ ಹಚ್ಚುವುದು ಅಂತ ನಿಧಾನವಾಗಿ ತೋರಿಸುತ್ತೇನೆ. ಇಂಗಿಬ್ಯೋರ್ಗ್ ಅನ್ನುವ ಹೆಂಗಸು. ನಾರ್ವೆಯ ಫಿನ್ ಆರ್ನೆಸನ್‌ನ ಮಗಳು, ಬಲಶಾಲಿ ಥಾರ್ಫಿನ್‌ನ ಹೆಂಡತಿ, ಮಕ್ಕಳು ಪಾಲ್ ಮತ್ತು ಎರ್ಲೆಂಡ್. ಥಾರ್ಫಿನ್ ಸತ್ತ ಮೇಲೆ ಅವಳು ಸ್ಕಾಟ್ಲೆಂಡಿನ ದೊರೆ ಮೂರನೇ ಮ್ಯಾಲ್ಕಮ್‌ನನ್ನು ಮದುವೆಯಾದಳು, ಡಂಕನ್ ಅನ್ನುವ ಮಗ ಹುಟ್ಟಿದ ಅನ್ನುತ್ತದೆ ಸಾಗಾ. ಓದಲು ಸರಾಗ. ಈಗ ಪಕ್ಕದಲ್ಲಿ ವರ್ಷ ಬರೆಯಿರಿ.

ಥಾರ್ಫಿನ್ ಸತ್ತದ್ದು ನಾರ್ವೆಯ ದೊರೆ ಹರಾಲ್ಡ್ ಹಾರ್ಡ್ರಾಡನ ಕೊನೆಗಾಲದಲ್ಲಿ ಅಂತ ಅದೇ ಸಾಗಾ ಹೇಳುತ್ತದೆ. ಹರಾಲ್ಡ್ ಸತ್ತದ್ದು 1066. ಹಾಗಾದರೆ ಥಾರ್ಫಿನ್‌ನ ಸಾವು 1065ರ ಆಸುಪಾಸು. ಮ್ಯಾಲ್ಕಮ್ ಎರಡನೇ ಹೆಂಡತಿ ಮಾರ್ಗರೆಟ್‌ಳನ್ನು ಮದುವೆಯಾದದ್ದು ಸುಮಾರು 1070. ಡಂಕನ್‌ನನ್ನು 1072ರಲ್ಲಿ ಇಂಗ್ಲೆಂಡಿನ ದೊರೆಯ ಹತ್ತಿರ ಒತ್ತೆಯಾಳಾಗಿ ಬಿಟ್ಟರು. ಅಂದರೆ ವಿಧವೆಯ ಮರುಮದುವೆ, ಮಗು, ಅವಳ ಸಾವು ಅಥವಾ ಬಿಡುಗಡೆ, ಗಂಡನ ಇನ್ನೊಂದು ಮದುವೆ, ಎಲ್ಲ ಐದೇ ವರ್ಷದಲ್ಲಿ ಆಗಬೇಕು. ಆಗಬಾರದು ಅಂತಿಲ್ಲ, ಇಕ್ಕಟ್ಟು. ಇತ್ತ ಪಾಲ್, ಎರ್ಲೆಂಡ್ ಇಬ್ಬರೂ 1066ರಲ್ಲಿ ಹರಾಲ್ಡ್‌ನ ದಂಡಿನ ಜೊತೆ ಇಂಗ್ಲೆಂಡಿಗೆ ಹೋಗುವಷ್ಟು ದೊಡ್ಡವರು. ಆಗ ಅಮ್ಮನಿಗೆ ಕಡಿಮೆಯೆಂದರೂ ಮೂವತ್ತೈದರ ಮೇಲೆ. ಇದಕ್ಕೇ ಕೆಲವು ಇತಿಹಾಸಕಾರರು ಥಾರ್ಫಿನ್ ಇನ್ನೂ ಮೊದಲೇ, 1058ರ ಹೊತ್ತಿಗೇ ಸತ್ತಿರಬೇಕು ಅನ್ನುತ್ತಾರೆ. ಇನ್ನು ಕೆಲವರು ಮ್ಯಾಲ್ಕಮ್‌ನ ಹೆಂಡತಿ ಥಾರ್ಫಿನ್‌ನ ವಿಧವೆ ಅಲ್ಲ, ಅದೇ ಹೆಸರಿನ ಮಗಳು ಅನ್ನುತ್ತಾರೆ. ನಾನು ಎರಡು ಚುಕ್ಕಿ ಗೆರೆ ಎಳೆದಿದ್ದೇನೆ, ವಿಧವೆಯ ಕಡೆಗೊಂದು, ಮಗಳ ಕಡೆಗೊಂದು. ನನ್ನ ಮನಸ್ಸು ಮಗಳ ಕಡೆ. ಆದರೆ ಮನಸ್ಸು ದಾಖಲೆ ಅಲ್ಲ.

ಪ್ರತಿ ಗೆರೆಗೂ ಈ ವರ್ಷದ ಲೆಕ್ಕ ಹಾಕಿ. ಬೇಕಾದದ್ದು ಪೆನ್ಸಿಲ್ ಮತ್ತು ಸ್ವಲ್ಪ ಅನುಮಾನದ ಬುದ್ಧಿ. ಒಂದು ಎಚ್ಚರಿಕೆ: ಸ್ಕಾಟ್ಲೆಂಡಿನಲ್ಲಿ 1600ರವರೆಗೆ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಕಾಗದದಲ್ಲಿ 1450ರ ಫೆಬ್ರುವರಿ ಅಂತ ಇದ್ದರೆ ನಮ್ಮ ಲೆಕ್ಕದಲ್ಲಿ 1451. ಯುಗಾದಿಗೆ ಸಂವತ್ಸರ ಬದಲಾಯಿಸುವ ನಮಗೆ ಇದು ಬೇಗ ತಲೆಗೆ ಹೋಗುತ್ತದೆ.

ಲ್ಯಾಟಿನ್ ಬರದಿದ್ದರೂ ಹತ್ತು ಪದ ಕಲಿಯಿರಿ. ದಾನಪತ್ರಗಳ ಕೊನೆಯಲ್ಲಿ ಸಾಕ್ಷಿಗಳ ಪಟ್ಟಿ ಇರುತ್ತದೆ, ‘ಇಂಥವನ ಮಗ’, ‘ಅವನ ತಮ್ಮ’ ಅಂತ. ಚಿನ್ನದಂಥ ಮಾಹಿತಿ. 1093ರಿಂದ 1371ರವರೆಗಿನ ಸ್ಕಾಟಿಷ್ ಪತ್ರಗಳಲ್ಲಿ ಬರುವ ಜನರನ್ನೆಲ್ಲ ಒಂದೆಡೆ ಸೇರಿಸಿದ ಉಚಿತ ಡೇಟಾಬೇಸ್ ಇದೆ, ‘ಪೀಪಲ್ ಆಫ್ ಮೆಡೀವಲ್ ಸ್ಕಾಟ್ಲೆಂಡ್’. ನಾರ್ವೆಯ ಪತ್ರಗಳು ‘ಡಿಪ್ಲೊಮಟೇರಿಯಂ ನಾರ್ವೇಜಿಕಂ’ನಲ್ಲಿ, ಅದೂ ಪುಕ್ಕಟೆ. ಇಂಗ್ಲಿಷ್ ಅನುವಾದ ಓದುವಾಗ ಅಂಕಲ್ ಅನ್ನುವ ಪದ ಕಂಡರೆ ಮೂಲ ನೋಡಿ. ಲ್ಯಾಟಿನ್‌ನಲ್ಲಿ ಪಾತ್ರುಉಸ್ ಅಂದರೆ ಅಪ್ಪನ ಅಣ್ಣತಮ್ಮ, ಅವುಂಕುಲುಸ್ ಅಂದರೆ ಅಮ್ಮನ ಅಣ್ಣತಮ್ಮ. ಚಿಕ್ಕಪ್ಪನನ್ನೂ ಸೋದರಮಾವನನ್ನೂ ಒಂದೇ ಮಾಡದ ಕನ್ನಡಿಗರಿಗೆ ಇದರಲ್ಲಿ ಇಂಗ್ಲಿಷಿನವರಿಗಿಂತ ಒಂದು ಹೆಜ್ಜೆ ಮುಂದು. ಆದರೆ ನೆಪೋಸ್ ಅನ್ನುವ ಪದದ ಮೇಲೆ ಕಣ್ಣಿಡಿ. ಮೊಮ್ಮಗನೂ ನೆಪೋಸ್, ಅಣ್ಣನ ಮಗನೂ ನೆಪೋಸ್. ಇದೊಂದರಿಂದ ಒಂದು ಇಡೀ ತಲೆಮಾರು ಜಾರಿಹೋಗಬಹುದು.

ಮದುವೆಗೆ ಪೋಪ್ ಕೊಟ್ಟ ಅನುಮತಿ ಪತ್ರ ಸಿಕ್ಕರೆ ಹಬ್ಬ. 1215ರ ನಂತರ ನಾಲ್ಕು ತಲೆಮಾರಿನೊಳಗಿನ ರಕ್ತಸಂಬಂಧಿಗಳ ಮದುವೆಗೆ ಚರ್ಚಿನ ಅಪ್ಪಣೆ ಬೇಕಿತ್ತು. ಅಪ್ಪಣೆ ಕೇಳಬೇಕಾದರೆ ಸಂಬಂಧ ಹೇಳಲೇಬೇಕು. ನಮ್ಮಲ್ಲಿ ಬೆಡಗು, ಅಂದರೆ ಕುಲ, ನೋಡುತ್ತೇವಲ್ಲ, ಹಾಗೆ. ಸೋದರಮಾವನಿಗೇ ಹೆಣ್ಣು ಕೊಡುವ ನಮ್ಮ ಮದುವೆಗಳನ್ನು ಕಂಡಿದ್ದರೆ ಪೋಪ್‌ಗೆ ಏನಾಗುತ್ತಿತ್ತೋ.

ಡಿಎನ್‌ಎ ಪರೀಕ್ಷೆ ಬೇಕಾ ಅಂತ ಮಗ ಕೇಳಿದ್ದ. 1164ರಲ್ಲಿ ಸತ್ತ ಸಾಮರ್‌ಲೆಡ್, ಸ್ಕಾಟ್ಲೆಂಡಿನ ಮ್ಯಾಕ್‌ಡೊನಾಲ್ಡ್ ಮನೆತನದ ಮೂಲಪುರುಷ, ಐರ್ಲೆಂಡಿನ ರಾಜವಂಶದವನು ಅಂತ ಹಳೇ ಗೇಲಿಕ್ ವಂಶಾವಳಿಗಳು ಹೇಳುತ್ತವೆ. ಅವನ ಗಂಡುಸಂತಾನದವರನ್ನು ಆಕ್ಸ್‌ಫರ್ಡ್‌ನ ಬ್ರಯಾನ್ ಸೈಕ್ಸ್ ಪರೀಕ್ಷಿಸಿದಾಗ ನಾರ್ಸ್ ಕಡೆ ಬೆರಳು ತೋರಿಸುವ ಗುರುತು ಸಿಕ್ಕಿತು. ಹಾಗಾಗಿ ಉಪಯೋಗ ಇದೆ. ಆದರೆ ಆ ಪರೀಕ್ಷೆ ಅಪ್ಪ, ಅಪ್ಪನ ಅಪ್ಪ ಅಂತ ಒಂದೇ ದಾರಿ ಹೇಳುತ್ತದೆ. ಆರ್ಕ್ನಿಯಂಥ ಕಡೆ, ಪದವಿ ಹೆಣ್ಣುಮಕ್ಕಳ ಮೂಲಕ ನಾಲ್ಕು ಮನೆ ತಿರುಗಿದಾಗ, ಅದು ಏನು ಹೇಳೀತು?

ಕೊನೆಗೆ ಚಾರ್ಟ್. ಎ4 ಹಾಳೆ ಅಂಟಿಸಬೇಡಿ, ಮಳೆಗಾಲದಲ್ಲಿ ಕಿತ್ತು ಬರುತ್ತದೆ. ಡೊಂಬಿವಲಿ ಸ್ಟೇಶನ್ ಹತ್ತಿರ ಮನೆ ನಕಾಶೆ ಪ್ರಿಂಟ್ ಮಾಡುವ ಅಂಗಡಿಯಲ್ಲಿ ಉದ್ದ ರೋಲ್ ಮೇಲೆ ತೆಗೆಸಿದೆ. ಹುಡುಗ ‘ಕಾಕು, ಹೀ ಕುಠಲೀ ಬಿಲ್ಡಿಂಗ್?’ ಅಂದ, ಇದು ಯಾವ ಬಿಲ್ಡಿಂಗು ಅಂತ. ಬಲಗಡೆ ಸಿಂಕ್ಲೇರ್ ಮನೆ, 1690ರವರೆಗೆ ಗಟ್ಟಿ ಗೆರೆ. ಆಮೇಲೆ ಖಾಲಿ ಜಾಗ. ಅದರ ಮೇಲೆ ಅರ್ಲ್‌ಗಳು. ಎರಡನ್ನೂ ಸೇರಿಸಲಿಲ್ಲ. ಬೀಗರಿಗೆ ಬೇಜಾರಾಗಬಹುದು ಅಂತ ಅಂದುಕೊಂಡಿದ್ದೆ. ಬೀಗಿತ್ತಿ ಅದನ್ನು ಗೋಡೆಗೆ ಹಾಕಿ ಫೋಟೋ ಕಳಿಸಿದರು. ಖಾಲಿ ಜಾಗದಲ್ಲಿ ಮೊಮ್ಮಗಳು ಬಣ್ಣದ ಪೆನ್ಸಿಲ್‌ನಲ್ಲಿ ದೋಣಿ ಬರೆದಿದ್ದಾಳೆ. ಕೆಳಗೆ ಬೀಗಿತ್ತಿಯ ಪ್ರಶ್ನೆ: ಎಡಗಡೆ ಯಾಕೆ ಇಷ್ಟು ಗಿಡ್ಡ ಇದೆ?

ಎಡಗಡೆ ನಮ್ಮದು. ನನ್ನ ಮುತ್ತಜ್ಜನ ಅಪ್ಪನಿಗೇ ನಿಂತಿದೆ. ಸುಗ್ಗಿ ಮುಗಿದ ಮೇಲೆ ಊರಿಗೆ ಹೋಗುತ್ತೇನೆ. ಆ ಹೆಳವನ ಮೊಮ್ಮಗ ಈಗ ಮೋಟರ್‌ಸೈಕಲ್ ಮೇಲೆ ಬರುತ್ತಾನಂತೆ, ಪುಸ್ತಕ ಮಾತ್ರ ಹಳೆಯದೇ. ಫೋನ್ ಚಾರ್ಜ್ ಮಾಡಿಕೊಂಡು, ಒಂದು ಚೀಲ ಜೋಳ ಹೇಳಿಟ್ಟಿದ್ದೇನೆ.